ಮನೆಯ ಕೀಲಿ ಹಿಡಿದವನಿಗೆ

ತಮ್ಮಾ,

ಉಮರ್ಗಾದ ಮನೆಯಲ್ಲಿ ಸ್ವಂತ ಸರ್ವರ್ ಇಡುತ್ತೀ, ನಿಲಂಗಾದ ಕಾಕಾನ ಮನೆಗೂ ಉದಗೀರದ ಅತ್ತೆಯ ಮನೆಗೂ ಅಂಥದೇ ಒಂದನ್ನು ಮಾಡಿಕೊಡುತ್ತೀ ಎಂಬ ಸುದ್ದಿ ಬಂತು. ಮಾಡು. ಮನೆತನದ ಫೋಟೊ, ಕಾಗದ, ಹಾಡು ನಮ್ಮ ಕೈಯಲ್ಲೇ ಇರಬೇಕೆಂಬ ಆಸೆ ಒಳ್ಳೆಯದು. ಯಂತ್ರದ ವಿಷಯ ನಿನಗೆ ಬೇಗ ಹತ್ತುತ್ತದೆ. ನನಗೆ ಕಾಳಜಿ ಇರುವುದು ಆ ಯಂತ್ರದ ಕೀಲಿ ನಿನ್ನ ಕೈಗೆ ಬಂದಮೇಲೆ ಮನೆಯ ಮಂದಿಯ ಬದುಕೂ ನಿನ್ನ ಕೈಗೆ ಬರುತ್ತದಲ್ಲ, ಅದರದು. ಆ ಮಾತಿಗೆ ಬರುತ್ತೇನೆ. ಮೊದಲು ಕೆಲಸದ ಮಾತು.

ಪೇಟೆಗೆ ಹೋಗಿ ಸಾಮಾನು ತರುವ ಮೊದಲು ಒಂದು ವಹಿ ಹಿಡಿದು ಮನೆಯವರ ಜೊತೆ ಕೂಡು. ಕಳೆದರೆ ಮತ್ತೆ ಸಿಗದ್ದು ಯಾವುದು, ಪರರ ಕಣ್ಣಿಗೆ ಬಿದ್ದರೆ ತೊಂದರೆ ಕೊಡುವುದು ಯಾವುದು ಎಂದು ಬರೆ. ಇವೆರಡೂ ಬೇರೆ ಬೇರೆ. ಆಯಿ ಹಾಡಿದ ಬೀಸುಕಲ್ಲಿನ ಹಾಡನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೀಯಲ್ಲ, ಅದು ಗುಟ್ಟಿನದಲ್ಲ. ಆದರೆ ಹೋದರೆ ಹೋಯಿತು. ಆಧಾರ್ ಕಾರ್ಡನ್ನು ಎಷ್ಟು ಸಲ ಬೇಕಾದರೂ ಮತ್ತೆ ತೆಗೆಯಬಹುದು. ಆದರೆ ಅದು ಊರೆಲ್ಲ ಹರಿದಾಡಬಾರದು. ಅವ್ವನ ದವಾಖಾನೆಯ ರಿಪೋರ್ಟು ಎರಡೂ ಪಟ್ಟಿಗೆ ಸೇರುತ್ತದೆ. ಇಷ್ಟನ್ನು ಬರೆಯದೆ ಕೈಹಾಕಿದವರು ಸಿನಿಮಾ ತುಂಬಿಡಲು ದೊಡ್ಡ ಡಿಸ್ಕ್ ಕೊಳ್ಳುತ್ತಾರೆ, ಹೊಲದ ಕಾಗದ ಮಾತ್ರ ಯಾರದೋ ವಾಟ್ಸ್‌ಆ್ಯಪ್‌ನಲ್ಲಿ ಉಳಿದಿರುತ್ತದೆ.

ಗಡಿಯ ಮನೆಗಳಲ್ಲಿ ಕಾಗದದ ತೂಕವೇ ಬೇರೆ. ನಿಲಂಗಾ, ಉದಗೀರ ತಾಲೂಕುಗಳು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅಹಮದಪುರದ ಜೊತೆ ಮುಂಬಯಿ ರಾಜ್ಯಕ್ಕೆ ಹೋದವು. 1960ರಲ್ಲಿ ಅದು ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆ ಹುಟ್ಟಿತು. ಉಮರ್ಗಾ ಇರುವ ಉಸ್ಮಾನಾಬಾದ್ ಜಿಲ್ಲೆಗೆ ಈಗ ಧಾರಾಶಿವ ಎಂಬ ಹೆಸರು. ಹೀಗಾಗಿ ಒಂದೇ ಮನೆತನದಲ್ಲಿ ನಮ್ಮ ಊರುಗಳು ಹೈದರಾಬಾದ್ ರಾಜ್ಯದಲ್ಲಿದ್ದ ಮುತ್ಯಾನ ಕಾಲದ ಕಾಗದ ಉರ್ದುವಿನಲ್ಲಿ, ಅಪ್ಪನ ಹೆಸರಿನ ಹೊಲದ ಸಾತಬಾರಾ ಮರಾಠಿಯಲ್ಲಿ, ಬಸವಕಲ್ಯಾಣದ ಕಡೆ ಉಳಿದ ತುಂಡು ಹೊಲದ ಪಹಣಿ ಕನ್ನಡದಲ್ಲಿ. ಒಂದು ಹಾಳೆ ಕಳೆದರೆ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕೆಂದು ತಿಳಿಯುವುದೇ ಒಂದು ಕೆಲಸ. ನಿನ್ನ ಸರ್ವರಿಗೆ ಮೊದಲು ಹೋಗಬೇಕಾದವು ಈ ಹಾಳೆಗಳು. ಫೋನಿನ ಓರೆ ಫೋಟೊ ಬೇಡ. ಸ್ಕ್ಯಾನರಿನಲ್ಲಿ ಎರಡೂ ಬದಿ ತೆಗೆ, ಹಿಂಬದಿಯ ಮುದ್ರೆ, ಷರಾ ಬಿಡಬೇಡ. ಫೈಲಿನ ಹೆಸರಲ್ಲೇ ಊರು, ಸರ್ವೆ ನಂಬರು, ವರ್ಷ ಇರಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರದಲ್ಲಿ ಟೈಪಾದ ಕಾಗದಗಳಿದ್ದರೆ ಯುನಿಕೋಡಿಗೆ ತಂದು, ಪಿಡಿಎಫ್ ಪ್ರತಿಯನ್ನೂ ಜೊತೆಗಿಡು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಫೈಲು ಬರಿಯ ಗೀಚು.

ಸರ್ವರ್ ಕೂಡ್ರಿಸುವ ಮುಂಚೆಯೇ ನಿಲ್ಲಿಸಬಹುದಾದ ಸೋರಿಕೆ ಇನ್ನೊಂದಿದೆ. ದಾಖಲೆ ಮಾಡಿಸಲು ಹೋದಾಗ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊವನ್ನು ಅಂಗಡಿಯವನ ನಂಬರಿಗೆ ಕಳಿಸುತ್ತೇವೆ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಮ್ಮ ಮೇಲ್ ತೆರೆದು ಪ್ರಿಂಟ್ ತೆಗೆದು ಹಾಗೇ ಎದ್ದುಬರುತ್ತೇವೆ. ಅಂಗಡಿಯವನು ಕೆಟ್ಟವನಲ್ಲ, ಅಳಿಸುವುದು ಅವನ ನೆನಪಿಗೆ ಬರುವುದಿಲ್ಲ. ಆಧಾರಿನಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಕೊಡುತ್ತದೆ. ಮನೆಯ ಎಲ್ಲರದನ್ನೂ ಇಳಿಸಿ, ನಡೆಯುವ ಕಡೆಯೆಲ್ಲ ಅದನ್ನೇ ಕೊಡುವ ರೂಢಿ ಹಾಕು. ಪ್ರಿಂಟಿಗೆ ಪೆನ್‌ಡ್ರೈವ್ ಒಯ್ಯಿ. ಎದುರೇ ನಿಂತು ಅಳಿಸಲು ಹೇಳು. ಇದಕ್ಕೆ ಸರ್ವರ್ ಬೇಡ, ಸಂಕೋಚ ಬಿಟ್ಟರೆ ಸಾಕು.

ಇದೆಲ್ಲ ದೊಡ್ಡ ಊರಿನ ಮಂದಿಯ ಚಿಂತೆ, ನಮ್ಮಲ್ಲಿ ಮುಚ್ಚಿಡುವುದೇನಿದೆ ಎಂದು ಯಾರಾದರೂ ಅಂದರೆ ಅವರಿಗೆ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರು ಹೇಳು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾದವರು. ಆಧಾರನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ 86 ವರ್ಷ. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ, ಒಬ್ಬರೂ ಭಿನ್ನಮತ ಹೇಳದೆ, ಖಾಸಗಿತನ ಈ ದೇಶದ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದಿತು. ಅವರು ತೀರಿಕೊಂಡದ್ದು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ. 86ರ ವಯಸ್ಸಿನಲ್ಲಿ ಅವರು ಅಷ್ಟು ದೂರ ಹೋದದ್ದು ತಮ್ಮದೇನೋ ಮುಚ್ಚಿಡಲಿಕ್ಕಲ್ಲ. ಹಳ್ಳಿಯ ಮುದುಕಿಗೂ ತನ್ನದೆಂಬುದೊಂದು ಇರುತ್ತದೆ ಎಂಬುದನ್ನು ಕಾನೂನಿನ ಬಾಯಿಂದ ಹೇಳಿಸಿದರು.

ಇನ್ನು ಕೆಲಸ. ಮೊದಲ ಕೆಲಸ ಸರ್ವರ್ ಅಲ್ಲ, ರೌಟರ್. ಫೈಬರ್ ಹಾಕಲು ಬಂದ ಹುಡುಗ ಮನೆಯ ಫೋನ್ ನಂಬರನ್ನೇ ವೈಫೈ ಪಾಸ್‌ವರ್ಡ್ ಮಾಡಿ ಹೋಗಿರುತ್ತಾನೆ. ಓಣಿಯ ಅರ್ಧ ಮಂದಿಗೆ ಅದು ಬಾಯಿಪಾಠ. ರೌಟರಿನ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಅಂತೂ ಪೆಟ್ಟಿಗೆಯ ಹಿಂದೆ ಅಚ್ಚಾಗಿದ್ದೇ ಉಳಿದಿರುತ್ತದೆ. ಎರಡನ್ನೂ ಬದಲಿಸು. ಡಬ್ಲ್ಯುಪಿಎಸ್ ಗುಂಡಿಯ ಸೌಲಭ್ಯ ಬಂದ್ ಮಾಡು. ಹೊರಗಿನಿಂದ ರೌಟರ್ ನಡೆಸುವ ರಿಮೋಟ್ ಮ್ಯಾನೇಜ್‌ಮೆಂಟ್ ತೆರೆದಿದ್ದರೆ ಮುಚ್ಚು. ಕಂಪನಿಯ ಪೆಟ್ಟಿಗೆ ಇದಕ್ಕೆಲ್ಲ ಅವಕಾಶ ಕೊಡದಿದ್ದರೆ, ಅದರ ಹಿಂದೆ ನಿನ್ನದೇ ಒಂದು ರೌಟರ್ ಇಡು. ಓಪನ್‌ಡಬ್ಲ್ಯುಆರ್‌ಟಿ ನಡೆಯುವಂಥದು ಸಿಕ್ಕರೆ ಇನ್ನೂ ಒಳ್ಳೆಯದು. ಕಂಪನಿಯ ಪೆಟ್ಟಿಗೆ ಬರಿಯ ಫೈಬರ್ ಇಳಿಸಲಿ, ಮನೆಯ ಒಳಗಿನದು ನಿನ್ನ ರೌಟರಿನ ಕಾರಭಾರ.

ನಮ್ಮ ಕಡೆಯ ಹಳೆಯ ವಾಡೆಗಳ ಕಲ್ಲು ಮಣ್ಣಿನ ದಪ್ಪ ಗೋಡೆಯಲ್ಲಿ ವೈಫೈ ದಾಟುವುದಿಲ್ಲ. ಪಡಸಾಲೆಯಲ್ಲಿ ಬರುವ ಸಿಗ್ನಲ್ ಒಳಕೋಣೆಗೆ ಬರದೆ, ಮಂದಿ ಒಂದರ ಮೇಲೊಂದು ರಿಪೀಟರ್ ಸಿಕ್ಕಿಸುತ್ತಾ ಹೋಗುತ್ತಾರೆ. ಬೇಡ. ಮಾಳಿಗೆಯ ಮೇಲಿಂದ ಒಂದು ಲ್ಯಾನ್ ಕೇಬಲ್ ಎಳೆದು ಒಳಗೆ ಇನ್ನೊಂದು ಅಕ್ಸೆಸ್ ಪಾಯಿಂಟ್ ಕೂಡ್ರಿಸು. ಬಿಸಿಲು ತಾಗುವ ಕಡೆ ಕೊಳವೆಯೊಳಗೆ ಹಾಕು, ಇಲ್ಲದಿದ್ದರೆ ನಮ್ಮ ಬೇಸಿಗೆಗೆ ಮೇಲಿನ ಸಿಪ್ಪೆ ಸೀಳುತ್ತದೆ.

ಕ್ಯಾಮೆರಾದ ಮಾತನ್ನು ಬೇರೆಯೇ ಹೇಳಬೇಕು. ಈಗ ಕಿರಾಣಿ ಅಂಗಡಿಯಿಂದ ಹಿಡಿದು ಮನೆಯ ತಲೆಬಾಗಿಲಿನವರೆಗೆ ಎಲ್ಲೆಲ್ಲೂ ಕ್ಯಾಮೆರಾ. 2016ರಲ್ಲಿ ಮಿರೈ ಎಂಬ ಕಳ್ಳ ತಂತ್ರಾಂಶ ಜಗತ್ತಿನ ತುಂಬ ಇಂಥ ಕ್ಯಾಮೆರಾ, ರೌಟರುಗಳೊಳಗೆ ನುಗ್ಗಿತು. ನುಗ್ಗಲು ಅದು ದೊಡ್ಡ ವಿದ್ಯೆಯನ್ನೇನೂ ಬಳಸಲಿಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳ ಒಂದು ಪಟ್ಟಿ ಹಿಡಿದು ಒಂದೊಂದೇ ಒತ್ತುತ್ತಾ ಹೋಯಿತು. ಅದೇ ವರ್ಷ ಅಕ್ಟೋಬರ್ 21ರಂದು ಆ ಯಂತ್ರಗಳೆಲ್ಲ ಒಟ್ಟಿಗೆ ಎರಗಿ ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳನ್ನೇ ಕೆಡವಿದವು. ಅದಕ್ಕೇ ಹೇಳುವುದು: ಕ್ಯಾಮೆರಾ, ಟಿವಿ, ಸ್ಮಾರ್ಟ್ ಬಲ್ಬು ಇವಕ್ಕೆ ಬೇರೆ ನೆಟ್‌ವರ್ಕ್ ಕೊಡು. ರೌಟರಿನ ಗೆಸ್ಟ್ ವೈಫೈ ಆದರೂ ಸರಿ; ಆದರೆ ಅದರಿಂದ ಒಳಗಿನ ಯಂತ್ರಗಳು ಕಾಣದಂತೆ ಇದೆಯೇ ನೋಡಿಕೋ. ಕ್ಯಾಮೆರಾದ ಚಿತ್ರ ಮನೆಯ ಡಿಸ್ಕಿನಲ್ಲೇ ಉಳಿಯುವಂತೆ ಮಾಡು. ಕೊಳ್ಳುವಾಗಲೇ ಆರ್‌ಟಿಎಸ್‌ಪಿ ಅಥವಾ ಓಎನ್‌ವಿಐಎಫ್ ಇದೆಯೇ ಎಂದು ಕೇಳು. ಇದ್ದರೆ ಕಂಪನಿಯ ಆ್ಯಪ್ ಇಲ್ಲದೆಯೂ ಅದು ಓಡುತ್ತದೆ. ಮತ್ತೆ, ಅದರ ಮೋರೆ ನಮ್ಮ ಬಾಗಿಲ ಕಡೆ ಇರಲಿ. ನಮ್ಮದು ಇಕ್ಕಟ್ಟಿನ ಓಣಿ. ಎದುರು ಮನೆಯ ಹೆಣ್ಣುಮಕ್ಕಳು ಅಂಗಳದಲ್ಲಿ ತಲೆ ಬಾಚಿಕೊಳ್ಳುವುದು ನಮ್ಮ ಡಿಸ್ಕಿನಲ್ಲಿ ದಾಖಲಾಗಬಾರದು.

ಈಗ ಎಲ್ಲರೂ ಎಡವುವ ಜಾಗ. ಸರ್ವರ್ ಇಟ್ಟೆ, ಮನೆಯಲ್ಲಿ ನಡೆಯುತ್ತಿದೆ, ಪುಣೆಯಲ್ಲಿ ಕೂತು ನೋಡಬೇಕು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ರೌಟರಿನಲ್ಲಿ ಪೋರ್ಟ್ ತೆರೆಯಿರಿ ಎಂಬ ಸಲಹೆ ಮೊದಲು ಸಿಗುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ನಡೆಯುವುದೂ ಇಲ್ಲ. ಐಪಿವಿ4 ವಿಳಾಸಗಳು ಸಾಲದ್ದಕ್ಕೆ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡ್ರಿಸುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ರೌಟರಿನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀನು ಅದರ ಹಿಂದೆ ಇದ್ದೀ ಎಂದು ತಿಳಿ. ಹುಡುಗರು ಇದಕ್ಕೆ ಕಂಪನಿಯನ್ನು ಬಯ್ಯುತ್ತಾರೆ. ಹೊಸಬನಿಗೆ ಇದು ಉಪಕಾರವೇ, ಹೊರಗಿನ ಕಳ್ಳನಿಗೂ ನಿನ್ನ ಬಾಗಿಲು ಸಿಗುವುದಿಲ್ಲ. ಆದರೆ ಐಪಿವಿ6 ಬಂದಿದ್ದರೆ ಮನೆಯ ಒಂದೊಂದು ಯಂತ್ರಕ್ಕೂ ಜಗತ್ತಿಗೇ ಕಾಣುವ ವಿಳಾಸ ಇರಬಹುದು. ಆಗ ಕಾಯುವುದು ರೌಟರಿನ ಫೈರ್‌ವಾಲ್ ಒಂದೇ. ಒಳಬರುವುದನ್ನೆಲ್ಲ ಅದು ತಡೆಯುತ್ತಿದೆಯೇ ಎಂದು ಫೋನಿನ ಡೇಟಾದಿಂದ ಪರೀಕ್ಷೆ ಮಾಡಿ ನೋಡು.

ಬಾಗಿಲು ತೆರೆದಿಟ್ಟರೆ ಏನಾಗುತ್ತದೆ ಎಂಬುದನ್ನೂ ಕೇಳು. 2022ರ ಜನವರಿಯಲ್ಲಿ ಕ್ಯೂನ್ಯಾಪ್ ಕಂಪನಿಯ ಮನೆ ಸರ್ವರುಗಳ ಮೇಲೆ ಡೆಡ್‌ಬೋಲ್ಟ್ ಎಂಬ ಸುಲಿಗೆಯ ದಾಳಿ ಆಯಿತು. ಸಿಕ್ಕಿಬಿದ್ದವು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದುಕೊಂಡಿದ್ದ ಪೆಟ್ಟಿಗೆಗಳು. ಫೈಲುಗಳಿಗೆಲ್ಲ ಬೀಗ ಹಾಕಿ, ಬಿಡಿಸಲು ಬಿಟ್‌ಕಾಯಿನ್ ಕೇಳಿದರು. ಮಕ್ಕಳ ಫೋಟೊ ಸುರಕ್ಷಿತವಾಗಿರಲೆಂದು ದುಡ್ಡು ಹಾಕಿ ಕೊಂಡ ಪೆಟ್ಟಿಗೆಯೇ ಆ ಫೋಟೊಗಳನ್ನು ಒತ್ತೆ ಇಟ್ಟಿತು.

ವಾಡೆಯ ಹೆಬ್ಬಾಗಿಲಿನಲ್ಲಿ ಒಬ್ಬರೇ ಬಗ್ಗಿ ಬರುವ ದಿಡ್ಡಿ ಬಾಗಿಲು ಇರುತ್ತದಲ್ಲ, ಗುರುತಿನವರಿಗೆ ಮಾತ್ರ ತೆರೆಯುವುದು, ಹಾಗೆ ಹೊರಗಿನಿಂದ ಮನೆಯ ಯಂತ್ರ ತಲುಪುವ ದಾರಿ ವೈರ್‌ಗಾರ್ಡ್. ಪ್ರತಿ ಫೋನಿಗೂ ಒಂದು ಕೀಲಿ. ಆ ಕೀಲಿ ಇಲ್ಲದವನು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. 2020ರಿಂದ ಲಿನಕ್ಸ್ ಕರ್ನೆಲ್ಲಿನೊಳಗೇ ಸೇರಿಕೊಂಡಿರುವುದರಿಂದ ಬೇರೆ ತಂದು ಹಾಕುವ ತೊಂದರೆಯೂ ಇಲ್ಲ. ಸಿಜಿನ್ಯಾಟ್ ಹಿಂದೆ ಇದ್ದರೆ ನೇರವಾಗಿ ನಡೆಯದು. ಆಗ ತಿಂಗಳ ಬಾಡಿಗೆಗೆ ಹೊರಗೊಂದು ಚಿಕ್ಕ ಸರ್ವರ್ ತೆಗೆದುಕೊಂಡು ಅದರ ಮೂಲಕ ದಾರಿ ಮಾಡಬೇಕು, ಇಲ್ಲವೇ ಆ ದಾರಿಯನ್ನು ಒಂದು ಕಂಪನಿಯೇ ಮಾಡಿಕೊಡುವ ಟೇಲ್‌ಸ್ಕೇಲ್ ಹಾಕಬೇಕು. ಟೇಲ್‌ಸ್ಕೇಲಿನಲ್ಲಿ ಹರಿಯುವ ಮಾಹಿತಿಯನ್ನು ಆ ಕಂಪನಿ ಓದಲಾರದು. ಆದರೆ ಮನೆಯಲ್ಲಿ ಎಷ್ಟು ಯಂತ್ರ ಇವೆ, ಯಾವುದು ಯಾವಾಗ ಕೂಡಿಕೊಂಡಿತು ಎಂಬುದು ಅವರಿಗೆ ತಿಳಿಯುತ್ತದೆ. ಮೊದಲ ವರ್ಷಕ್ಕೆ ನಾನು ಅದನ್ನೇ ಒಪ್ಪುತ್ತೇನೆ. ಅರ್ಧ ಕಲಿತು ಸ್ವಂತದ್ದೇ ಬೇಕೆಂದು ಬಾಗಿಲು ತೆರೆದಿಡುವುದಕ್ಕಿಂತ ಅದು ಮೇಲು. ಕೈ ಪಳಗಿದ ಮೇಲೆ ಅದರ ಬದಲು ನೀನೇ ನಡೆಸಬಹುದಾದ ಹೆಡ್‌ಸ್ಕೇಲ್ ಹಾಕಿಕೊಂಡು ಆ ಕೊಂಡಿಯನ್ನೂ ಬಿಡಿಸಿಕೋ.

ಯಂತ್ರಕ್ಕೆ ದೊಡ್ಡ ಖರ್ಚು ಬೇಡ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಸಾಕು. ಬ್ಯಾಟರಿ ಉಬ್ಬಿರಬಾರದು ಅಷ್ಟೆ. ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಆ ಬ್ಯಾಟರಿಯೇ ದೊಡ್ಡ ಆಸರೆ. ಇಲ್ಲದಿದ್ದರೆ ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ. 15 ವ್ಯಾಟಿನ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 11 ಯೂನಿಟ್ಟಿನ ಒಳಗೆ; 60 ವ್ಯಾಟಿನ ಹಳೆಯ ಡೆಸ್ಕ್‌ಟಾಪ್ ಆದರೆ 43 ಯೂನಿಟ್. ಬಿಲ್ ಕಟ್ಟುವವರು ಅಪ್ಪ, ಅವರಿಗೆ ಮೊದಲೇ ಹೇಳು. ರಾಸ್ಪ್‌ಬೆರಿ ಪೈ ಆದರೆ ಮೆಮೊರಿ ಕಾರ್ಡಿನ ಮೇಲೆ ನಡೆಸಬೇಡ. ಕರೆಂಟ್ ಫಕ್ಕನೆ ಹೋದಾಗ ಮೊದಲು ಕೆಡುವುದು ಅದೇ. ಎಸ್‌ಎಸ್‌ಡಿ ಹಾಕು. ರೌಟರಿಗೂ ಫೈಬರ್ ಪೆಟ್ಟಿಗೆಗೂ 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಗುತ್ತದೆ. ತಗಡಿನ ಕೆಳಗಿನ ಅಟ್ಟದಲ್ಲಿ ಯಂತ್ರ ಇಡಬೇಡ, ಮೇ ತಿಂಗಳಲ್ಲಿ ಬೇಯುತ್ತದೆ. ಮಿರಗದ ಮಳೆ ಶುರುವಾಗುವ ಮುಂಚೆ ಗುಡುಗು ಸಿಡಿಲು ಜೋರು. ಫೈಬರಿನ ಗಾಜಿನ ಎಳೆಯಿಂದ ಸಿಡಿಲು ಬರುವುದಿಲ್ಲ. ಕರೆಂಟಿನ ತಂತಿ, ಮಾಳಿಗೆಯ ಮೇಲಿನ ಲ್ಯಾನ್ ಕೇಬಲ್ಲಿನಿಂದ ಬರುತ್ತದೆ. ಅರ್ಥಿಂಗ್ ಸರಿ ಇದೆಯೇ ಎಂದು ವೈರ್‌ಮನ್ ಕರೆಸಿ ನೋಡಿಸು. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರಿದಾಗ ಅರ್ಥಿಂಗ್ ಗುಂಡಿಗೂ ನೀರು ಬೇಕಾಗುತ್ತದೆ.

ಏನೇನು ನಡೆಸಬೇಕು? ಒಂದೇ ಸಲಕ್ಕೆ ಹತ್ತು ಹಾಕಬೇಡ. ಫೋನಿನ ಫೋಲ್ಡರನ್ನು ಮನೆಯ ಯಂತ್ರಕ್ಕೆ ತಾನೇ ಪ್ರತಿ ಮಾಡುವ ಸಿಂಕ್‌ಥಿಂಗ್ ಮೊದಲು. ಆಮೇಲೆ ಫೋಟೊಗಳಿಗೆ ಇಮ್ಮಿಚ್. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಪುಕ್ಕಟೆ ಜಾಗ ನಿಂತಮೇಲೆ ಮನೆಯ ಎಲ್ಲರ ಫೋನೂ ಜಾಗ ಭರ್ತಿಯಾಯಿತೆಂದು ಕೂಗುತ್ತಿರುವುದರಿಂದ ಮನೆಯವರಿಗೆ ಇದರ ಉಪಯೋಗ ಕೂಡಲೇ ಕಾಣುತ್ತದೆ. ಕಾಗದ, ಕ್ಯಾಲೆಂಡರ್, ನಂಬರುಗಳಿಗೆ ನೆಕ್ಸ್ಟ್‌ಕ್ಲೌಡ್. ಹಾಡು, ವಿಡಿಯೊಗೆ ಜೆಲ್ಲಿಫಿನ್. ಆದೇಶ ಟೈಪು ಮಾಡುವುದು ಬೇಸರವಾದರೆ ಫ್ರೀಡಂಬಾಕ್ಸ್ ನೋಡು. ಡೆಬಿಯನ್ ಮೇಲೆ ಕಟ್ಟಿದ್ದು, ಬ್ರೌಸರಿನಲ್ಲೇ ಎಲ್ಲ ಹಾಕಿಕೊಳ್ಳಬಹುದು. ಅದರ ಹಿಂದಿನ ಕೆಲಸದಲ್ಲಿ ನಮ್ಮ ಹಳೆಯ ರಾಜಧಾನಿ ಹೈದರಾಬಾದಿನ ಹುಡುಗರ ಪಾಲು ದೊಡ್ಡದು. ಅಲ್ಲಿಯ ಸ್ವೇಚ್ಛಾ ಎಂಬ ಮುಕ್ತ ತಂತ್ರಾಂಶದ ಸಂಘಟನೆ ಅದನ್ನು ತೆಲಂಗಾಣದ ಹಳ್ಳಿಗಳಿಗೂ ಒಯ್ದಿದೆ. ಮೇಲ್ ಸರ್ವರ್ ಮಾತ್ರ ಮನೆಯಲ್ಲಿ ಇಡಬೇಡ. ಮನೆಯ ವಿಳಾಸದಿಂದ ಹೋದ ಮೇಲನ್ನು ದೊಡ್ಡ ಕಂಪನಿಗಳು ನಂಬುವುದಿಲ್ಲ. ತಂಗಿಯ ಪ್ರವೇಶ ಪತ್ರ, ಅಪ್ಪನ ವಿಮೆ ಕಾಗದ ಬರುವುದು ಅದರಲ್ಲೇ. ಅದು ಆಟವಾಡುವ ಜಾಗವಲ್ಲ.

ಇಷ್ಟಾದ ಮೇಲೆ, ನಾನು ಮೊದಲು ಹೇಳಿದ ಮಾತು.

ಜಾಹೀರಾತು ತಡೆಯಲು ಪೈ-ಹೋಲ್ ಹಾಕುತ್ತೀ. ಒಳ್ಳೆಯದೇ, ಟಿವಿ ಹಗಲೂ ರಾತ್ರಿ ಎಲ್ಲೆಲ್ಲಿಗೆ ಸುದ್ದಿ ಕಳಿಸುತ್ತದೆ ಎಂದು ಮೊದಲ ಸಲ ಕಂಡಾಗ ಸಿಟ್ಟು ಬರುತ್ತದೆ. ಆದರೆ ಅದೇ ಪುಟದಲ್ಲಿ ಮನೆಯ ಪ್ರತಿ ಫೋನೂ ಯಾವ ಹೊತ್ತಿಗೆ ಯಾವ ತಾಣ ಕೇಳಿತು ಎಂಬ ಸಾಲುಗಳೂ ಬರುತ್ತವೆ. ಮಕ್ಕಳಾಗದ ವೈನಿ ರಾತ್ರಿ ಯಾವ ದವಾಖಾನೆಯ ಪುಟ ನೋಡಿದಳು, ಸಾಲದಲ್ಲಿರುವ ಕಾಕಾ ಯಾವ ಸಾಲದ ಆ್ಯಪ್ ತೆರೆದ, ಬಾರಾವಿ ಓದುವ ತಂಗಿ ಮಾತನಾಡಲು ಯಾವ ಆ್ಯಪ್ ಇಟ್ಟುಕೊಂಡಿದ್ದಾಳೆ, ಎಲ್ಲವೂ. ಇಷ್ಟು ದಿನ ಇದನ್ನು ಕಂಡದ್ದು ಎಲ್ಲೋ ದೂರದ ಕಂಪನಿ. ಅದಕ್ಕೆ ವೈನಿಯ ಮುಖ ಗೊತ್ತಿಲ್ಲ. ಇನ್ನು ಮೇಲೆ ಕಾಣುವವನು ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂಡುವ ನೀನು. ಕೂಡು ಕುಟುಂಬದಲ್ಲಿ ಹೆಣ್ಣುಮಕ್ಕಳಿಗೆ ತಮ್ಮದೆನ್ನುವ ಕೋಣೆಯೂ ಇರುವುದಿಲ್ಲ. ಅವರಿಗೆ ಸಿಕ್ಕ ಒಂದಿಷ್ಟು ಏಕಾಂತ ಆ ಚಿಕ್ಕ ಪರದೆಯಲ್ಲಿದೆ. ಕಂಪನಿಯ ಕಣ್ಣು ತಪ್ಪಿಸುತ್ತೇನೆಂದು ಹೋಗಿ ಅದನ್ನು ನಿನ್ನ ಕಣ್ಣ ಕೆಳಗೆ ತಂದರೆ, ಖಾಸಗಿತನ ಉಳಿಸಿದಂತಾಗಲಿಲ್ಲ. ಅವರ ಪಾಲಿಗೆ ಇದ್ದುದೂ ಹೋಯಿತು.

ನೋಡುವುದಿಲ್ಲ ಎಂಬ ಬಾಯಿಮಾತು ಸಾಲದು. ನೋಡಲಾಗದಂತೆ ಮಾಡು. ಪೈ-ಹೋಲಿನಲ್ಲಿ ಖಾಸಗಿತನದ ಹಂತ 0ಯಿಂದ 3ರವರೆಗೆ ಇದೆ. 3ಕ್ಕೆ ಇಟ್ಟರೆ ಯಾರು ಏನು ಕೇಳಿದರೆಂಬುದು ಆ ಪುಟದಲ್ಲಿ ಉಳಿಯುವುದಿಲ್ಲ, ಒಟ್ಟು ಲೆಕ್ಕವಷ್ಟೇ ಉಳಿಯುತ್ತದೆ. ಅದರ ಬದಲು ಆ್ಯಡ್‌ಗಾರ್ಡ್ ಹೋಮ್ ಆದರೆ ಕ್ವೆರಿ ಲಾಗ್ ಬಂದ್ ಮಾಡು. ಇಮ್ಮಿಚ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಖಾತೆ ಮಾಡು, ಪಾಸ್‌ವರ್ಡ್ ಅವರೇ ಇಡಲಿ. ಹಾಗೆ ಮಾಡಿದರೂ ಡಿಸ್ಕ್ ನಿನ್ನ ಕೈಯಲ್ಲಿದೆ, ತೆರೆದರೆ ಫೋಟೊ ಕಾಣುತ್ತವೆ ಎಂಬುದನ್ನು ಮುಚ್ಚಿಡದೆ ಹೇಳು. ಅದನ್ನು ಕೇಳಿ ತಂಗಿ ತನ್ನ ಫೋಟೊ ಇದಕ್ಕೆ ಬೇಡ ಎಂದರೆ ಕಾರಣ ಕೇಳಬೇಡ. ಪಾಸ್‌ವರ್ಡುಗಳನ್ನು ಇಡುವ ವಾಲ್ಟ್‌ವಾರ್ಡನ್ ಈ ವಿಷಯದಲ್ಲಿ ಮೇಲು. ಅದರೊಳಗಿನ ತಿಜೋರಿ ಅವರವರ ಫೋನಿನಲ್ಲೇ ಬೀಗ ಹಾಕಿಕೊಂಡು ಬರುತ್ತದೆ, ಸರ್ವರ್ ನಡೆಸುವವನಿಗೂ ಓದಲು ಬಾರದು.

ನಾಳೆ ಮನೆಯ ಹಿರಿಯರೊಬ್ಬರು ಬಂದು, ಹುಡುಗಿ ಫೋನಿನಲ್ಲಿ ಏನು ಮಾಡುತ್ತಾಳೆ ಸ್ವಲ್ಪ ನೋಡಿ ಹೇಳು ಎಂದು ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ, ನಾನು ಬಲ್ಲೆ. ಆಗ ನಿನ್ನ ಬಳಿ ತೋರಿಸಲು ಏನೂ ಇರಬಾರದು. ಚಿಕ್ಕ ಮಕ್ಕಳ ಮಾತು ಬೇರೆ. ಅವರಿಗೆ ಕೆಟ್ಟ ತಾಣ ಬಾರದಂತೆ ತಡೆ ಹಾಕುವುದು ಸರಿಯೇ, ಹಾಕಿದ್ದೇನೆಂದು ಅವರಿಗೂ ಗೊತ್ತಿರಲಿ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು, ಒಬ್ಬ ವ್ಯಕ್ತಿ ತನ್ನ ಮನೆಬಳಕೆಗೆ ಮಾಡುವ ಕೆಲಸಕ್ಕೆ ಅನ್ವಯಿಸುವುದಿಲ್ಲ. ಕಂಪನಿ ತಪ್ಪಿದರೆ ಕೇಳಲು ಕಾನೂನು ಇದೆ. ಅಣ್ಣ ತಪ್ಪಿದರೆ ತಂಗಿ ಯಾರನ್ನು ಕೇಳಬೇಕು?

ಆಯಿಯ ಹಾಡುಗಳ ವಿಷಯದಲ್ಲೂ ಇಷ್ಟೇ. ಸರ್ವರಿನಲ್ಲಿಡು, ಯಾರು ಹಾಡಿದ್ದು, ಯಾವ ಊರಿನ ಹಾಡು ಎಂದು ಬರೆದಿಡು. ಯೂಟ್ಯೂಬಿಗೆ ಹಾಕುವ ಮೊದಲು ಅವಳನ್ನು ಕೇಳು. ಬೀಸುಕಲ್ಲಿನ ಹಾಡು ಗುಟ್ಟಿನದಲ್ಲ, ಆದರೆ ಕುಬಸದ ದಿನ ಹೆಂಗಸರ ನಡುವೆ ನಗುತ್ತಾ ಹಾಡಿದ್ದನ್ನು ಊರ ಗಂಡಸರೆಲ್ಲ ಕೇಳಲಿ ಎಂದು ಅವಳು ಹಾಡಿರುವುದಿಲ್ಲ.

ಕೊನೆಯದಾಗಿ ಪ್ರತಿಗಳ ಮಾತು, ಇದನ್ನು ಹೇಳುವಾಗ ನನಗೆ ಕಿಲ್ಲಾರಿಯ ಭೂಕಂಪ ನೆನಪಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಗಣಪತಿ ಕಳಿಸಿ ಬಂದು ಮಲಗಿದ್ದ ಮಂದಿಯ ಮೇಲೆ ಕಲ್ಲು ಮಣ್ಣಿನ ಗೋಡೆಗಳು ಬಿದ್ದವು. ಔಸಾ, ಉಮರ್ಗಾ ತಾಲೂಕುಗಳ ಹಳ್ಳಿಗಳಲ್ಲಿ ಸುಮಾರು 10,000 ಜನ ಸತ್ತರು. 52 ಊರುಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಜೀವವೇ ಹೋದಾಗ ಕಾಗದದ ಮಾತು ಯಾರಿಗೂ ಬೇಡ, ಖರೆ. ಆದರೆ ಉಳಿದವರು ಆಮೇಲೆ ಬದುಕಬೇಕಿತ್ತು. ಹೊಲ ಯಾರದು, ಬ್ಯಾಂಕಿನಲ್ಲಿ ಎಷ್ಟಿತ್ತು ಎಂದು ತೋರಿಸಬೇಕಾದ ಹಾಳೆ ಟ್ರಂಕಿನ ಸಮೇತ ಮಣ್ಣಿನಡಿ ಹೋಗಿತ್ತು. ತೀರಿಹೋದ ಮಗಳ ಒಂದು ಫೋಟೊ ಕೂಡ ಇಲ್ಲದ ತಾಯಂದಿರು ಉಳಿದರು.

ನಿನ್ನ ಸರ್ವರ್ ಎಷ್ಟೇ ಚೆನ್ನಾಗಿರಲಿ, ಅದು ಒಂದೇ ಮನೆಯಲ್ಲಿದ್ದರೆ ಆ ಟ್ರಂಕಿಗಿಂತ ಹೆಚ್ಚಲ್ಲ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಡಿಸ್ಕಿನಲ್ಲಿರಲಿ, ಒಂದು ಬೇರೆ ಊರಲ್ಲಿರಲಿ. ಮೂರೂ ಊರಲ್ಲಿ ನಮ್ಮ ಮನೆಗಳಿರುವುದು ಇಲ್ಲಿ ಅನುಕೂಲ. ಉಮರ್ಗಾದ ಪ್ರತಿ ನಿಲಂಗಾದಲ್ಲಿಟ್ಟರೆ ಸಾಲದು, ಕಿಲ್ಲಾರಿ ಎರಡಕ್ಕೂ ಹತ್ತಿರ. ಉದಗೀರದಲ್ಲಿಡು, ಉದಗೀರದ್ದು ಉಮರ್ಗಾದಲ್ಲಿರಲಿ, ನಿಲಂಗಾದ್ದೂ ಉದಗೀರಕ್ಕೆ ಹೋಗಲಿ. ಕಳಿಸುವ ಮೊದಲೇ ಬೀಗ ಬೀಳುವ ರೆಸ್ಟಿಕ್, ಬೋರ್ಗ್ ಇಂಥವನ್ನು ಬಳಸು. ಅತ್ತೆಯ ಮನೆಯಲ್ಲಿ ಡಿಸ್ಕ್ ಇರುತ್ತದೆ, ನಮ್ಮ ಮನೆಯ ಮಾತು ಅತ್ತೆಯ ಮನೆಯಲ್ಲಿ ತೆರೆದುಕೊಳ್ಳುವುದಿಲ್ಲ. ಇದರಿಂದ ಸಂಬಂಧವೂ ಚೆನ್ನಾಗಿರುತ್ತದೆ. ಮೊದಲ ಪ್ರತಿಯನ್ನು ನೆಟ್ ಮೇಲೆ ಕಳಿಸಲು ಹೋಗಬೇಡ. 500 ಜಿಬಿಯನ್ನು 20 ಎಂಬಿಪಿಎಸ್ ವೇಗದಲ್ಲಿ ಮೇಲೇರಿಸಲು ಎಲ್ಲೂ ನಿಲ್ಲದೆ ಹೋದರೂ 55 ತಾಸಿಗಿಂತ ಹೆಚ್ಚು ಬೇಕು. ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಎಸ್.ಟಿ. ಬಸ್ಸಿನಲ್ಲಿ ಹೋದರೆ ಅರ್ಧ ದಿನದ ಕೆಲಸ. ಆಮೇಲೆ ದಿನದಿನದ ಹೊಸದಷ್ಟೇ ರಾತ್ರಿ ಹರಿಯಲಿ. ಮತ್ತೆ, ದೀಪಾವಳಿಗೂ ಯುಗಾದಿ ಪಾಡ್ಯಕ್ಕೂ ಆ ಪ್ರತಿಯಿಂದ ನಾಲ್ಕು ಫೈಲು ವಾಪಸ್ ತೆಗೆದು ತೆರೆದು ನೋಡು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬೇಡ.

ನೀನು ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋಗುವವನು. ಯಂತ್ರ ಮನೆಯಲ್ಲಿ ಉಳಿಯುತ್ತದೆ. ಎಲ್ಲಿದೆ, ಹೇಗೆ ಆನ್ ಮಾಡುವುದು, ಬೀಗದ ಪಾಸ್‌ವರ್ಡ್ ಏನು, ಕೆಟ್ಟರೆ ಉದಗೀರದ ಡಿಸ್ಕಿನಿಂದ ಹೇಗೆ ತೆಗೆಯುವುದು, ಎಲ್ಲವನ್ನೂ ಕಾಗದದ ಮೇಲೆ ಬರೆ. ಅವ್ವನಿಗೆ ಕನ್ನಡದಲ್ಲಿ, ಮನೆಯಲ್ಲಿ ಕನ್ನಡ ಮಾತನಾಡಿ ಶಾಲೆಯಲ್ಲಿ ಮರಾಠಿ ಮಾತ್ರ ಓದಿದ ತಂಗಿಗೆ ದೇವನಾಗರಿ ಅಕ್ಷರದಲ್ಲಿ. ಒಂದು ಪ್ರತಿ ಮನೆಯ ಟ್ರಂಕಿನಲ್ಲಿ, ಇನ್ನೊಂದು ಲಕೋಟೆಯಲ್ಲಿ ಅಂಟಿಸಿ ನಿಲಂಗಾದ ಕಾಕಾನ ಕೈಯಲ್ಲಿ. ಪ್ರತಿಯ ಡಿಸ್ಕ್ ಇರುವ ಅತ್ತೆಯ ಮನೆಯಲ್ಲಿ ಅದರ ಕೀಲಿ ಇಡಬೇಡ. ನೀನು ಊರಲ್ಲಿ ಇರುವಾಗಲೇ ಒಂದು ದಿನ ತಂಗಿಯ ಕೈಗೆ ಆ ಕಾಗದ ಕೊಟ್ಟು, ನೀನು ಬಾಯಿ ಬಿಡದೆ, ಒಂದು ಫೋಟೊ ವಾಪಸ್ ತೆಗೆಸಿ ನೋಡು. ಅವಳಿಂದ ಅದು ಆಗುವವರೆಗೆ ಮನೆಯ ಯಾರ ಫೋಟೊವನ್ನೂ ಗೂಗಲ್‌ನಿಂದ ಅಳಿಸಬೇಡ.